ಇಂಗ್ಲೆಂಡಿನ ಕಡಲೂರಿನಲ್ಲಿ ಒಂದು ದಿನ: ಹೊರಡುವ ಮೊದಲು, ಹೋದ ಮೇಲೆ

ಬೇಸಿಗೆಯಲ್ಲಿ ಇಂಗ್ಲೆಂಡಿನ ಮಕ್ಕಳ ಮನೆಗೆ ಬರುವ ತಂದೆತಾಯಿಯರನ್ನು ಎಲ್ಲಿಗೆ ಕರೆದೊಯ್ಯಬೇಕು ಎಂಬ ಪಟ್ಟಿ ಬಹುತೇಕ ಎಲ್ಲರ ಮನೆಯಲ್ಲೂ ಒಂದೇ ಆಗಿರುತ್ತದೆ. ಲಂಡನ್ನಿನ ಬಿಗ್ ಬೆನ್, ಥೇಮ್ಸ್ ದಂಡೆಯ ಬಸವೇಶ್ವರರ ಪ್ರತಿಮೆ, ಆಕ್ಸ್‌ಫರ್ಡ್, ಸ್ಟೋನ್‌ಹೆಂಜ್. ಅದರಲ್ಲಿ ಕಡಲೂರು ಇರುವುದು ಅಪರೂಪ. ಮಲ್ಪೆ, ಗೋಕರ್ಣ, ಕಾರವಾರಗಳನ್ನು ಕಂಡವರಿಗೆ ಇಲ್ಲಿನ ತಣ್ಣನೆಯ ಸಮುದ್ರದಲ್ಲಿ ಏನಿದೆ ಎಂದು ಅನೇಕರು ಕೇಳುತ್ತಾರೆ. ಇಂಗ್ಲೆಂಡಿನ ಸಾಮಾನ್ಯ ಜನ ಬಿಡುವು ಸಿಕ್ಕಾಗ ಹೇಗೆ ಖುಷಿಪಡುತ್ತಾ ಬಂದರು ಎಂಬುದನ್ನು ನೋಡಬೇಕಾದರೆ ಅರಮನೆಗಿಂತ, ಕೆಥೆಡ್ರಲ್‌ಗಿಂತ ಕಡಲೂರೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಊರುಗಳು ಹೀಗೇಕೆ ಇವೆ ಎಂಬುದನ್ನು ಮೊದಲು ತಿಳಿದರೆ ಅಲ್ಲಿ ದಿನ ಕಳೆಯುವ ಬಗೆ ತಾನಾಗಿ ಹೊಳೆಯುತ್ತದೆ. 17ನೇ ಶತಮಾನದಲ್ಲಿ ಯಾರ್ಕ್‌ಷೈರಿನ ಸ್ಕಾರ್ಬರೋ ಎಂಬಲ್ಲಿ ಬಂಡೆಯ ಬುಡದ ಒಂದು ಚಿಲುಮೆಯ ನೀರು ರೋಗ ಗುಣಪಡಿಸುತ್ತದೆ ಎಂಬ ಸುದ್ದಿ ಹರಡಿ ಉಳ್ಳವರು ಬರತೊಡಗಿದರು. ಆಮೇಲೆ ಸಮುದ್ರಸ್ನಾನವೇ ಮದ್ದು ಎಂದು ವೈದ್ಯರು ಬರೆದುಕೊಡಲು ಆರಂಭಿಸಿದರು. 1841ರಲ್ಲಿ ಬ್ರೈಟನ್ನಿಗೆ, 1845ರಲ್ಲಿ ಸ್ಕಾರ್ಬರೋಗೆ ರೈಲು ಬಂತು. 1871ರ ಕಾನೂನು ಬ್ಯಾಂಕ್ ಹಾಲಿಡೇ ಎಂಬ ಸಾರ್ವಜನಿಕ ರಜೆಗಳನ್ನು ಕೊಟ್ಟಿತು. ಲ್ಯಾಂಕಷೈರಿನ ಹತ್ತಿ ಗಿರಣಿಗಳ ಊರುಗಳಲ್ಲಿ ವರ್ಷಕ್ಕೊಂದು ವಾರ ಇಡೀ ಊರಿನ ಗಿರಣಿಗಳು ಮುಚ್ಚುತ್ತಿದ್ದವು. ಕೂಲಿಯವರು ಸಂಸಾರ ಸಮೇತ ಬ್ಲ್ಯಾಕ್‌ಪೂಲಿಗೆ ಹೊರಡುತ್ತಿದ್ದರು. ಸಂಬಳ ಸಹಿತ ರಜೆಯ ಕಾನೂನು ಬಂದಿದ್ದು 1938ರಲ್ಲಷ್ಟೇ. ಹೀಗಾಗಿ ಕೈಯಲ್ಲಿ ಒಂದು ದಿನ, ಜೇಬಿನಲ್ಲಿ ಸ್ವಲ್ಪ ಹಣ ಇರುವ, ರೈಲಿನಿಂದ ಇಳಿದು ನಡೆದೇ ಹೋಗುವ ಜನರಿಗೆ ಒಗ್ಗುವಂತೆ ಈ ಊರುಗಳು ಬೆಳೆದವು. ನಿಲ್ದಾಣದಿಂದ ಸಮುದ್ರ ಕಾಲು ಗಂಟೆಯ ನಡಿಗೆ. ಆಟ, ತಿಂಡಿ, ಸಂಗೀತ, ಕೂರುವ ಬೆಂಚು ಎಲ್ಲವೂ ದಂಡೆಯ ಒಂದೇ ಬೀದಿಯಲ್ಲಿ. ಇವತ್ತಿಗೂ ಹಾಗೆಯೇ ಹೋಗುವುದು ಒಳ್ಳೆಯದು: ರೈಲಿನಲ್ಲಿ, ಬೆಳಿಗ್ಗೆ ಬೇಗ, ನೋಡಲೇಬೇಕಾದ ಜಾಗಗಳ ಉದ್ದ ಪಟ್ಟಿಯಿಲ್ಲದೆ.

ಮೊದಲ ಹೆಜ್ಜೆ: ಊರನ್ನು ಆರಿಸಿಕೊಳ್ಳುವುದು

ನೀವಿರುವ ಊರಿನಿಂದ ರೈಲಿನಲ್ಲಿ ಎರಡು ಗಂಟೆಯೊಳಗೆ ತಲುಪುವ ಕಡಲೂರನ್ನೇ ಆರಿಸಿ. ಅದಕ್ಕಿಂತ ದೂರವಾದರೆ ದಿನದ ಅರ್ಧ ಕಿಟಕಿಯ ಪಕ್ಕದಲ್ಲೇ ಕಳೆಯುತ್ತದೆ. ಲಂಡನ್ನಿನವರಿಗೆ ಬ್ರೈಟನ್ ಮತ್ತು ಸೌತೆಂಡ್ ಸುಮಾರು ಒಂದು ಗಂಟೆಯ ಹಾದಿ, ಮಾರ್ಗೇಟ್ ಒಂದೂವರೆ ಗಂಟೆ. ಮ್ಯಾಂಚೆಸ್ಟರಿನವರಿಗೆ ಬ್ಲ್ಯಾಕ್‌ಪೂಲ್, ಲೀಡ್ಸ್ ಮತ್ತು ಯಾರ್ಕಿನವರಿಗೆ ಸ್ಕಾರ್ಬರೋ, ಬ್ರಿಸ್ಟಲಿನವರಿಗೆ ವೆಸ್ಟನ್-ಸೂಪರ್-ಮೇರ್, ಸೌತಾಂಪ್ಟನ್ನಿನವರಿಗೆ ಬೋರ್ನ್‌ಮತ್. ನ್ಯೂಕಾಸಲ್‌ನಲ್ಲಿರುವವರು ಪುಣ್ಯವಂತರು, ನಗರದ ಮೆಟ್ರೋ ಹತ್ತಿದರೆ ಟೈನ್‌ಮತ್‌ನ ಮರಳಿಗೇ ಇಳಿಯಬಹುದು.

ಯಾರೊಂದಿಗೆ ಹೋಗುತ್ತಿದ್ದೀರಿ ಎಂಬುದು ದೂರದಷ್ಟೇ ಮುಖ್ಯ. ಮರಳಾಟ ಆಡುವ ವಯಸ್ಸಿನ ಮಕ್ಕಳಿದ್ದರೆ ಬ್ರೈಟನ್ ಬೇಡ. ಅಲ್ಲಿ ಮರಳಿಲ್ಲ, ಕಣ್ಣಿಗೆ ಕಾಣುವಷ್ಟು ದೂರವೂ ಉರುಟು ಕಲ್ಲುಗಳೇ. ಬರಿಗಾಲಲ್ಲಿ ನಡೆಯುವುದು ಕಷ್ಟ. ಸ್ಕಾರ್ಬರೋ, ಬ್ಲ್ಯಾಕ್‌ಪೂಲ್, ಬೋರ್ನ್‌ಮತ್, ಮಾರ್ಗೇಟ್‌ಗಳಲ್ಲಿ ಒಳ್ಳೆಯ ಮರಳಿದೆ. ಮಂಡಿನೋವಿರುವ ಹಿರಿಯರಿದ್ದರೆ ಬ್ಲ್ಯಾಕ್‌ಪೂಲ್ ವಾಸಿ, ಏಕೆಂದರೆ ಅಲ್ಲಿನ ದಂಡೆ ಮೈಲಿಗಟ್ಟಲೆ ಸಮತಟ್ಟು ಮತ್ತು ಅದರುದ್ದಕ್ಕೂ 1885ರಿಂದ ಟ್ರಾಮ್ ಓಡುತ್ತಿದೆ. ಸೌತೆಂಡಿನ ಪಿಯರ್, ಅಂದರೆ ದಂಡೆಯಿಂದ ಸಮುದ್ರದೊಳಕ್ಕೆ ಚಾಚಿದ ಕಟ್ಟೆ, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ, ಮನರಂಜನೆಗಾಗಿ ಕಟ್ಟಿದ ಪಿಯರ್‌ಗಳಲ್ಲಿ ಜಗತ್ತಿಗೇ ಉದ್ದ. ಅದರ ಮೇಲೆ ಪುಟ್ಟ ರೈಲೇ ಓಡುವುದರಿಂದ ನಡೆಯಲಾಗದವರೂ ಸಮುದ್ರದ ನಡುವಿಗೆ ಹೋಗಿ ಬರಬಹುದು. ವಿಟ್ಬಿ ಬಹಳ ಚೆಲುವಾದ ಊರು. ಆದರೆ ಅದರ ಹಳೆಯ ಮಠದ ಅವಶೇಷಕ್ಕೆ ಹೋಗುವ ಪ್ರಸಿದ್ಧ ದಾರಿಯಲ್ಲಿ 199 ಮೆಟ್ಟಿಲುಗಳಿವೆ, ಯೋಚಿಸಿ.

ಇನ್ನೊಂದು ವಿಷಯವನ್ನು ನಮ್ಮ ಕರಾವಳಿ ನೋಡಿದವರು ಮರೆಯುತ್ತಾರೆ. ನಮ್ಮಲ್ಲಿ ಸೂರ್ಯ ಸಮುದ್ರದಲ್ಲಿ ಮುಳುಗುತ್ತಾನೆ. ಸ್ಕಾರ್ಬರೋ, ವಿಟ್ಬಿಗಳಿರುವ ಪೂರ್ವ ಕರಾವಳಿಯಲ್ಲಿ ಅವನು ಸಮುದ್ರದಿಂದ ಏಳುತ್ತಾನೆ, ಊರಿನ ಹಿಂದೆ ಮುಳುಗುತ್ತಾನೆ. ಮರಳಿನ ಮೇಲೆ ಬಿಸಿಲು ಬೇಕಿದ್ದರೆ ಬೆಳಗಿನ ಹೊತ್ತನ್ನು ಕೈಬಿಡಬೇಡಿ. ಸೂರ್ಯಾಸ್ತವನ್ನೇ ನೋಡಬೇಕು ಎನ್ನುವವರು ಪಶ್ಚಿಮಕ್ಕೆ ಮುಖಮಾಡಿರುವ ಬ್ಲ್ಯಾಕ್‌ಪೂಲಿಗೆ ಹೋಗಲಿ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತೂವರೆ ದಾಟಿರುತ್ತದೆ.

ಎರಡನೆಯ ಹೆಜ್ಜೆ: ದಿನ, ಹವೆ, ಉಬ್ಬರ

ಶಾಲೆಗೆ ಹೋಗುವ ಮಕ್ಕಳಿಲ್ಲದಿದ್ದರೆ ಜೂನ್ ತಿಂಗಳ ಅಥವಾ ಸೆಪ್ಟೆಂಬರ್ ಆರಂಭದ ವಾರದ ನಡುವಿನ ದಿನ ಉತ್ತಮ. ಶಾಲೆಗಳ ಬೇಸಿಗೆ ರಜೆ ಜುಲೈ ಕೊನೆಯ ವಾರದಿಂದ ಸೆಪ್ಟೆಂಬರ್ ಮೊದಲಿನವರೆಗೆ. ಆಗ ಎಲ್ಲೆಡೆ ಜನಜಂಗುಳಿ. ಆಗಸ್ಟ್ ಕೊನೆಯ ಸೋಮವಾರದ ಬ್ಯಾಂಕ್ ಹಾಲಿಡೇಯಂದು ರೈಲಿನಲ್ಲಿ ನಿಲ್ಲಲೂ ಜಾಗ ಸಿಗುವುದು ಕಷ್ಟ.

ಹವಾಮಾನವನ್ನು ನಿಮ್ಮ ಮನೆಯ ಊರಿನದಲ್ಲ, ಕಡಲೂರಿನದ್ದೇ ನೋಡಿ. ಪೂರ್ವ ಕರಾವಳಿಯಲ್ಲಿ ವಸಂತ ಮತ್ತು ಬೇಸಿಗೆಯ ಆರಂಭದಲ್ಲಿ ಸಮುದ್ರದಿಂದ ದಟ್ಟ ಮಂಜು ನುಗ್ಗಿಬರುತ್ತದೆ. ಯಾರ್ಕ್‌ಷೈರಿನವರು ಅದನ್ನು ಫ್ರೆಟ್ ಎನ್ನುತ್ತಾರೆ. ಬೆಚ್ಚಗಿನ ಗಾಳಿ ತಣ್ಣನೆಯ ನೀರಿನ ಮೇಲೆ ಹಾದಾಗ ಆಗುವ ಮಂಜು ಅದು. ಯಾರ್ಕಿನಲ್ಲಿ ಜನ ಬಿಸಿಲಿಗೆ ಬೆವರುತ್ತಿರುವ ಹೊತ್ತಿಗೇ ಸ್ಕಾರ್ಬರೋದಲ್ಲಿ ಸ್ವೆಟರ್ ಹಾಕಿಕೊಂಡಿರುತ್ತಾರೆ. ದಂಡೆಯ ಕಡೆ ಮುಖಮಾಡಿದ ಯಾವುದಾದರೂ ವೆಬ್ ಕ್ಯಾಮೆರಾ ಸಿಕ್ಕರೆ ಹೊರಡುವ ಮೊದಲು ಅದರಲ್ಲಿ ಒಮ್ಮೆ ನೋಡುವುದು ಎಲ್ಲ ಮುನ್ಸೂಚನೆಗಿಂತ ಖಚಿತ.

ಇನ್ನು ಉಬ್ಬರವಿಳಿತ. ಇಡೀ ಲೇಖನದಲ್ಲಿ ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಮಂಗಳೂರು, ಮಲ್ಪೆಗಳಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಒಂದೆರಡು ಮೀಟರಿನ ವ್ಯತ್ಯಾಸವಷ್ಟೇ. ಹಾಗಾಗಿ ನಾವು ಉಬ್ಬರದ ವೇಳೆ ನೋಡಿಕೊಂಡು ಕಡಲಿಗೆ ಹೋಗುವವರಲ್ಲ. ಇಂಗ್ಲೆಂಡಿನಲ್ಲಿ ಅದು ಐದಾರು ಮೀಟರ್ ಆಗುವುದು ಸಾಮಾನ್ಯ. ವೆಸ್ಟನ್-ಸೂಪರ್-ಮೇರ್ ಇರುವ ಬ್ರಿಸ್ಟಲ್ ಕಾಲುವೆಯಲ್ಲಂತೂ ಹತ್ತು ಮೀಟರನ್ನೂ ಮೀರುತ್ತದೆ, ಜಗತ್ತಿನ ಅತಿ ದೊಡ್ಡ ಉಬ್ಬರಗಳಲ್ಲಿ ಅದೂ ಒಂದು. ಅಲ್ಲಿ ಇಳಿತದ ವೇಳೆಗೆ ಹೋದವರಿಗೆ ಸಮುದ್ರವೇ ಕಾಣುವುದಿಲ್ಲ; ದೂರದವರೆಗೆ ಕೆಸರು ಮಾತ್ರ. ಆ ಕೆಸರಿನಲ್ಲಿ ಕಾಲು ಹೂತುಹೋಗುತ್ತದೆ, ನೀರನ್ನು ಹುಡುಕಿಕೊಂಡು ಅದರ ಮೇಲೆ ನಡೆಯಲೇಬಾರದು. ಸ್ಕಾರ್ಬರೋದಲ್ಲಿ ಇದರ ಇನ್ನೊಂದು ಮುಖ: ದೊಡ್ಡ ಉಬ್ಬರದಲ್ಲಿ ನೀರು ದಂಡೆಯ ಗೋಡೆಯ ಹತ್ತಿರಕ್ಕೇ ಬಂದು ಮರಳು ಕಿರಿದಾಗುತ್ತದೆ.

ಆದ್ದರಿಂದ ಊರಿನ ಹೆಸರಿನೊಂದಿಗೆ ಟೈಡ್ ಟೈಮ್ಸ್ ಎಂದು ಹುಡುಕಿ, ಆ ದಿನದ ವೇಳಾಪಟ್ಟಿ ನೋಡಿಕೊಳ್ಳಿ. ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು. ಪ್ರತಿದಿನವೂ ವೇಳೆ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಮರಳಿನ ಊರಾದರೆ ಇಳಿತ ನಡುಮಧ್ಯಾಹ್ನದ ಆಸುಪಾಸಿಗೆ ಬರುವ ದಿನ ಆರಿಸಿ. ಮನೆಯಲ್ಲಿ ಪಂಚಾಂಗ ಇಟ್ಟುಕೊಂಡಿರುವವರಿಗೆ ಇದು ಸುಲಭ: ಅಮಾವಾಸ್ಯೆ, ಹುಣ್ಣಿಮೆಗಳ ಹಿಂದೆಯೇ ಬರುವ ಒಂದೆರಡು ದಿನ ಏರಿಳಿತ ಅತಿ ಹೆಚ್ಚು, ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ.

ಮೂರನೆಯ ಹೆಜ್ಜೆ: ಟಿಕೆಟ್

ಬೆಳಗಿನ ದಟ್ಟಣೆಯ ವೇಳೆ ಕಳೆದ ಮೇಲೆ ಹೊರಡುವ ಆಫ್-ಪೀಕ್ ಟಿಕೆಟ್ ಅಗ್ಗ. ಹೋಗಿಬರುವ ಟಿಕೆಟನ್ನು ಒಟ್ಟಿಗೇ ಕೊಂಡರೆ ಒಂದು ದಾರಿಯ ಟಿಕೆಟ್ಟಿಗಿಂತ ಅತ್ಯಲ್ಪ ಮಾತ್ರ ಹೆಚ್ಚಾಗುವ ಮಾರ್ಗಗಳು ಅನೇಕ. ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ, ಐದರಿಂದ ಹದಿನೈದರವರೆಗೆ ಅರ್ಧ. ಮಕ್ಕಳಿರುವ ಮನೆಯಲ್ಲಿ ಫ್ಯಾಮಿಲಿ ಅಂಡ್ ಫ್ರೆಂಡ್ಸ್ ರೈಲ್‌ಕಾರ್ಡ್ ಎಂಬ ರಿಯಾಯಿತಿ ಕಾರ್ಡ್ ಮಾಡಿಸಿಕೊಂಡರೆ ದೊಡ್ಡವರಿಗೆ ಮೂರರಲ್ಲೊಂದು ಪಾಲು, ಮಕ್ಕಳಿಗೆ ಅದಕ್ಕೂ ಹೆಚ್ಚು ಉಳಿತಾಯ. ಅರವತ್ತು ದಾಟಿದ ತಂದೆತಾಯಿಯರಿಗೆ ಸೀನಿಯರ್ ರೈಲ್‌ಕಾರ್ಡ್ ಇದೆ. ಪ್ರವಾಸಿ ವೀಸಾದಲ್ಲಿ ಬಂದವರೂ ಪಾಸ್‌ಪೋರ್ಟ್ ತೋರಿಸಿ ಪಡೆಯಬಹುದು. ಕೆಲವೇ ಪ್ರಯಾಣಗಳಲ್ಲಿ ಅದರ ಬೆಲೆ ಹಿಂದಿರುಗುತ್ತದೆ. ಮೂವರಿಂದ ಒಂಬತ್ತು ಜನ ಒಟ್ಟಿಗೆ ಹೊರಟರೆ ಹಲವು ರೈಲು ಕಂಪನಿಗಳಲ್ಲಿ ಕಾರ್ಡ್ ಇಲ್ಲದೆಯೂ ಗ್ರೂಪ್‌ಸೇವ್ ರಿಯಾಯಿತಿ ಸಿಗುತ್ತದೆ.

ಭಾನುವಾರಗಳಲ್ಲಿ ಹಳಿ ದುರಸ್ತಿಯ ಕೆಲಸ ಸಾಮಾನ್ಯ. ರೈಲಿನ ಬದಲು ಬಸ್ಸು ಓಡಿಸುತ್ತಾರೆ, ಪ್ರಯಾಣ ದುಪ್ಪಟ್ಟಾಗಬಹುದು. ಹಿಂದಿನ ರಾತ್ರಿ ಒಮ್ಮೆ ಪರಿಶೀಲಿಸಿ. ಕೊನೆಯ ರೈಲಿನ ವೇಳೆಯನ್ನು ಮೊಬೈಲಿನಲ್ಲಲ್ಲದೆ ಕಾಗದದಲ್ಲೂ ಬರೆದುಕೊಳ್ಳಿ.

ಚೀಲದಲ್ಲಿ ಏನಿರಬೇಕು

ಗಾಳಿ ತಡೆಯುವ ತೆಳುವಾದ ಜಾಕೆಟ್ ಎಲ್ಲರಿಗೂ, ಆಗಸ್ಟಿನಲ್ಲೂ. ಕೊಡೆ ಪ್ರಯೋಜನವಿಲ್ಲ, ಕಡಲಗಾಳಿ ಅದನ್ನು ಮಗುಚಿಹಾಕುತ್ತದೆ. ಹಿರಿಯರಿಗೆ ಕಿವಿ ಮುಚ್ಚುವ ಟೊಪ್ಪಿ, ಶಾಲು, ಕಾಲುಚೀಲ. ಸೀರೆ ಉಡುವ ಅಮ್ಮಂದಿರಿಗೆ ದಂಡೆಯ ಗಾಳಿ ಬಹಳ ತೊಂದರೆ ಕೊಡುತ್ತದೆ. ಸೆರಗಿನ ಮೇಲೆ ಗುಂಡಿ ಹಾಕಿಕೊಳ್ಳುವ ಕೋಟಿದ್ದರೆ ನೆಮ್ಮದಿ. ಅದೇ ಹೊತ್ತಿಗೆ ಸನ್‌ಸ್ಕ್ರೀನ್ ಕೂಡ ಬೇಕು: ಗಾಳಿ ತಣ್ಣಗಿರುವುದರಿಂದ ಬಿಸಿಲು ಸುಡುತ್ತಿರುವುದೇ ತಿಳಿಯುವುದಿಲ್ಲ. ಮಕ್ಕಳಿಗೆ ಎರಡು ಜೊತೆ ಬಟ್ಟೆ, ಒಂದು ದೊಡ್ಡ ಟವೆಲ್, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ. ಬಕೆಟ್ಟು, ಗುದ್ದಲಿ ಆಟಿಕೆಗಳನ್ನು ಅಲ್ಲೇ ಕೊಳ್ಳಲಿ, ಆಸೆಪಟ್ಟು ಬಣ್ಣ ಆರಿಸುವುದೇ ಅವರಿಗೆ ದಿನದ ಮೊದಲ ಸಂಭ್ರಮ. ಚಿಲ್ಲರೆ ನಾಣ್ಯಗಳಿರಲಿ: ಕೆಲವು ಸಾರ್ವಜನಿಕ ಶೌಚಾಲಯಗಳಿಗೆ ಬೇಕು, ಆಟದ ಅಂಗಡಿಗಳ ಎರಡು ಪೆನ್ಸ್ ಯಂತ್ರಗಳಿಗಂತೂ ಬೇಕೇ ಬೇಕು.

ಸ್ಕಾರ್ಬರೋದಲ್ಲಿ ಬೆಳಗಿನಿಂದ ಸಂಜೆಯವರೆಗೆ

ಕಡಲೂರುಗಳಲ್ಲಿ ಒಂದನ್ನೇ ಆರಿಸು ಎಂದರೆ ನಾನು ಸ್ಕಾರ್ಬರೋ ಎನ್ನುತ್ತೇನೆ. ಇದು ಎಲ್ಲಕ್ಕೂ ಹಳೆಯದು. ಕೋಟೆ, ಬಂದರು, ಎರಡು ಕೊಲ್ಲಿ, ಉದ್ಯಾನ, ಆಟದ ಅಂಗಡಿಗಳು ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಯಾರ್ಕಿನಿಂದ ರೈಲಿನಲ್ಲಿ ಐವತ್ತು ನಿಮಿಷ, ಲೀಡ್ಸಿನಿಂದ ಒಂದೂಕಾಲು ಗಂಟೆ. ನಿಲ್ದಾಣದಲ್ಲಿ ಇಳಿದ ಕೂಡಲೇ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಇರುವ ಮರದ ಬೆಂಚನ್ನು ನೋಡಿ. ಸುಮಾರು 139 ಮೀಟರ್ ಉದ್ದದ ಇದು ಜಗತ್ತಿನ ರೈಲು ನಿಲ್ದಾಣಗಳ ಬೆಂಚುಗಳಲ್ಲೆಲ್ಲ ಉದ್ದದ್ದು ಎಂದು ಹೆಸರುವಾಸಿ. ಸಂಜೆಯ ರೈಲಿಗೆ ಒಮ್ಮೆಗೇ ಬಂದು ಕಾಯುತ್ತಿದ್ದ ಪ್ರವಾಸಿಗಳ ಗುಂಪು ಎಷ್ಟು ದೊಡ್ಡದಿತ್ತು ಎಂಬುದನ್ನು ಅದೇ ಹೇಳುತ್ತದೆ.

ನಿಲ್ದಾಣದಿಂದ ಹೊರಗೆ ಬಂದು, ಅಂಗಡಿಗಳ ಬೀದಿ ವೆಸ್ಟ್‌ಬರೋದಲ್ಲಿ ಕೆಳಗೆ ನಡೆಯಿರಿ. ಬಲಗಡೆ, ಬಂಡೆಯ ತುದಿಯಲ್ಲಿ ಗ್ರ್ಯಾಂಡ್ ಹೋಟೆಲ್ ಎಂಬ ಇಟ್ಟಿಗೆಯ ದೈತ್ಯ ಕಟ್ಟಡ ಕಾಣುತ್ತದೆ. 1867ರಲ್ಲಿ ಆರಂಭವಾದ ಇದನ್ನು ಕಾಲಗಣನೆಯ ಲೆಕ್ಕದಲ್ಲಿ ಕಟ್ಟಿದರು: ಋತುಗಳಿಗೆ ನಾಲ್ಕು ಗೋಪುರ, ತಿಂಗಳುಗಳಿಗೆ ಹನ್ನೆರಡು ಅಂತಸ್ತು, ವಾರಗಳಿಗೆ 52 ಹೊಗೆಗೂಡು, ದಿನಗಳಿಗೆ 365 ಕೋಣೆ. ಅದರ ಪಕ್ಕದಿಂದಲೇ ಸೆಂಟ್ರಲ್ ಟ್ರಾಮ್‌ವೇ ಎಂಬ, 1881ರಿಂದ ಇರುವ ಹಗ್ಗದ ಗಾಡಿ ಇಳಿಜಾರಿನಲ್ಲಿ ದಂಡೆಗೆ ಇಳಿಯುತ್ತದೆ. ಟಿಕೆಟ್ ಅಗ್ಗ. ಹಿರಿಯರಿದ್ದರೆ ಇಳಿಯುವಾಗ ಮೆಟ್ಟಿಲು ಬಳಸಿ ಮಂಡಿ ನೋಯಿಸಿಕೊಳ್ಳುವ ಅಗತ್ಯವೇ ಇಲ್ಲ. ಮರಳುವಾಗಲಂತೂ ಇದನ್ನೇ ಬಳಸಿ.

ಕೆಳಗೆ ಸೌತ್ ಬೇ, ಅಂದರೆ ದಕ್ಷಿಣದ ಕೊಲ್ಲಿ. ಬೆಳಗಿನ ಬಿಸಿಲು ನೇರವಾಗಿ ಮರಳಿನ ಮೇಲೆ ಬೀಳುವ ಈ ಹೊತ್ತು ಮಕ್ಕಳದ್ದು. ಡೆಕ್‌ಚೇರ್ ಬಾಡಿಗೆಗೆ ಸಿಕ್ಕರೆ ಹಿರಿಯರನ್ನು ಗೋಡೆಯ ಮರೆಯಲ್ಲಿ, ಗಾಳಿ ಬೀಸದ ಕಡೆ ಕೂರಿಸಿ. ಸ್ಥಳೀಯರು ಕೋಲುಗಳಿಗೆ ಕಟ್ಟಿದ ಬಟ್ಟೆಯ ಪರದೆಯನ್ನು ಮರಳಿನಲ್ಲಿ ನೆಟ್ಟು ಅದರ ಹಿಂದೆ ಕೂರುವುದನ್ನು ನೋಡುತ್ತೀರಿ, ಆ ವಿಂಡ್‌ಬ್ರೇಕ್ ದಂಡೆಯ ಅಂಗಡಿಗಳಲ್ಲೇ ಸಿಗುತ್ತದೆ. ಕತ್ತೆ ಸವಾರಿ ಇದ್ದರೆ ಪುಟ್ಟ ಮಕ್ಕಳನ್ನು ಹತ್ತಿಸಿ. ಇದು ಈ ದಂಡೆಗಳ ನೂರು ವರ್ಷಕ್ಕೂ ಹಳೆಯ ವಾಡಿಕೆ. ಸವಾರರ ತೂಕಕ್ಕೆ ಮಿತಿಯಿದೆ, ದೊಡ್ಡವರು ಹತ್ತುವಂತಿಲ್ಲ. ಪ್ರಾಣಿಗಳ ಬಗೆಗಿನ ಕಾಳಜಿ ನನಗೆ ಮೆಚ್ಚುಗೆಯಾದ ಸಂಗತಿ: ಬ್ಲ್ಯಾಕ್‌ಪೂಲಿನಲ್ಲಿ ಕತ್ತೆಗಳಿಗೆ ಶುಕ್ರವಾರ ವಾರದ ರಜೆ ಮತ್ತು ಪ್ರತಿದಿನ ಊಟದ ಬಿಡುವು ಕೊಡಲೇಬೇಕೆಂದು ನಿಯಮವೇ ಇದೆ.

ಹನ್ನೊಂದರ ಹೊತ್ತಿಗೆ ದಂಡೆಯ ಬೀದಿ ಜಾತ್ರೆಯ ಪೇಟೆಬೀದಿಯಂತೆ ತುಂಬಿಕೊಳ್ಳುತ್ತದೆ. ಆಟದ ಯಂತ್ರಗಳ ಅಂಗಡಿಗಳಲ್ಲಿ ಎರಡು ಪೆನ್ಸ್ ನಾಣ್ಯ ಹಾಕಿ ಇತರ ನಾಣ್ಯಗಳನ್ನು ಬೀಳಿಸುವ ಯಂತ್ರ ಮಕ್ಕಳಿಗೆ ಬಲು ಪ್ರಿಯ. ಪ್ರತಿ ಮಗುವಿಗೂ ಒಂದು ಪೌಂಡಿನಷ್ಟು ಚಿಲ್ಲರೆ ಕೊಟ್ಟು, ಅದು ಮುಗಿದರೆ ಆಟವೂ ಮುಗಿಯಿತು ಎಂದು ಮೊದಲೇ ಹೇಳಿ.

ಮಧ್ಯಾಹ್ನ ಎರಡು ದಾರಿಗಳಿವೆ. ಇತಿಹಾಸದ ಆಸಕ್ತಿ ಇರುವವರು ಬಂದರಿನಿಂದ ಮೇಲೇರಿ ಸೇಂಟ್ ಮೇರಿ ಚರ್ಚಿಗೆ ಹೋಗಬೇಕು. ಅದರ ಅಂಗಳದಲ್ಲಿ ಕಾದಂಬರಿಗಾರ್ತಿ ಆ್ಯನ್ ಬ್ರಾಂಟೆಯ ಸಮಾಧಿಯಿದೆ. ಕ್ಷಯದಿಂದ ನರಳುತ್ತಿದ್ದ ಆಕೆ ಕಡಲ ಗಾಳಿಯಿಂದ ಗುಣವಾಗಬಹುದೆಂದು 1849ರ ಮೇ ತಿಂಗಳಲ್ಲಿ ಇಲ್ಲಿಗೆ ಬಂದಳು, ಕೆಲವೇ ದಿನಗಳಲ್ಲಿ ತೀರಿಕೊಂಡಳು. ಆಕೆ ತಂಗಿದ್ದ ಮನೆ ಇದ್ದ ಜಾಗದಲ್ಲೇ ಈಗ ಗ್ರ್ಯಾಂಡ್ ಹೋಟೆಲ್ ನಿಂತಿದೆ. ಅಲ್ಲಿಂದ ಮುಂದೆ 12ನೇ ಶತಮಾನದ ಕೋಟೆ. 1914ರ ಡಿಸೆಂಬರ್ 16ರ ಬೆಳಿಗ್ಗೆ ಜರ್ಮನ್ ಯುದ್ಧನೌಕೆಗಳು ಈ ಊರಿನ ಮೇಲೆ ಗುಂಡಿನ ಮಳೆಗರೆದಾಗ ಕೋಟೆಗೂ ಪೆಟ್ಟು ಬಿತ್ತು. ಕೋಟೆಯ ಮೇಲಿನಿಂದ ಎರಡೂ ಕೊಲ್ಲಿಗಳು ಎರಡು ಬದಿಗೆ ಕಾಣುವ ನೋಟಕ್ಕಾಗಿಯೇ ಏರಬಹುದು. ಕೋಟೆಯನ್ನು ನೋಡಿಕೊಳ್ಳುವುದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆ. ಅದೇ ಬೇಸಿಗೆಯಲ್ಲಿ ಸ್ಟೋನ್‌ಹೆಂಜ್‌ಗೂ ವಿಟ್ಬಿಯ ಮಠಕ್ಕೂ ಹೋಗುವುದಿದ್ದರೆ ಅದರ ಸದಸ್ಯತ್ವ ಪಡೆಯುವುದು ಲಾಭಕರವೇ ಎಂದು ಲೆಕ್ಕಹಾಕಿ.

ಏರಲು ಆಗದವರು, ಮಕ್ಕಳಿರುವವರು ಬೇಸಿಗೆಯಲ್ಲಿ ಓಡುವ ಮೇಲ್ಛಾವಣಿಯಿಲ್ಲದ ಬಸ್ಸು ಹತ್ತಿ, ಕೋಟೆಗುಡ್ಡದ ಬುಡವನ್ನು ಬಳಸುವ ಮರೀನ್ ಡ್ರೈವ್ ರಸ್ತೆಯಲ್ಲಿ ನಾರ್ತ್ ಬೇಗೆ ಹೋಗಲಿ. ಬಿರುಗಾಳಿಯ ದಿನಗಳಲ್ಲಿ ಅಲೆಗಳು ಗೋಡೆ ಹಾರಿ ಈ ರಸ್ತೆಗೆ ಬಡಿಯುತ್ತವೆ. ಆಗ ನಡೆದು ಹೋಗುವ ಸಾಹಸ ಬೇಡ. ನಾರ್ತ್ ಬೇ ಹೆಚ್ಚು ಶಾಂತ. ಬಣ್ಣಬಣ್ಣದ ಮರದ ಗೂಡುಮನೆಗಳ ಸಾಲು, 1931ರಿಂದ ಓಡುತ್ತಿರುವ ಪುಟ್ಟ ರೈಲು, ಅದರ ಹತ್ತಿರವೇ ಪೀಸ್‌ಹೋಮ್ ಉದ್ಯಾನ. ಬೇಸಿಗೆಯ ಕೆಲವು ಮಧ್ಯಾಹ್ನ ಈ ಉದ್ಯಾನದ ಕೆರೆಯಲ್ಲಿ ಯುದ್ಧನೌಕೆಗಳ ಮಾದರಿಗಳ ಕಾಳಗ ನಡೆಯುತ್ತದೆ. 1927ರಲ್ಲಿ ಶುರುವಾದ ಆಟ. ನೌಕೆಗಳು ಎಷ್ಟು ದೊಡ್ಡವೆಂದರೆ ಅವುಗಳಲ್ಲಿ ಹಲವುಗಳ ಒಳಗೆ ಒಬ್ಬೊಬ್ಬ ಮನುಷ್ಯ ಕೂತು ನಡೆಸುತ್ತಾನೆ! ಪುಟ್ಟ ವಿಮಾನಗಳು ತಂತಿಯ ಮೇಲೆ ಹಾರಿಬರುತ್ತವೆ, ಪಟಾಕಿ ಸಿಡಿಯುತ್ತದೆ, ಅಜ್ಜ ಮೊಮ್ಮಕ್ಕಳೆಲ್ಲ ಒಟ್ಟಾಗಿ ಕೂಗುತ್ತಾರೆ. ಕಾಳಗದ ದಿನಗಳ ಪಟ್ಟಿ ನೋಡಿಕೊಂಡು, ಸಾಧ್ಯವಾದರೆ ನಿಮ್ಮ ಪ್ರಯಾಣದ ದಿನವನ್ನೇ ಅದಕ್ಕೆ ಹೊಂದಿಸಿ. ಅಷ್ಟು ಬೆಲೆಯುಳ್ಳದ್ದು ಅದು.

ಮಳೆ ಬಂದರೆ ಸೌತ್ ಬೇಯ ರೊಟಂಡಾ ವಸ್ತುಸಂಗ್ರಹಾಲಯಕ್ಕೆ ಹೋಗಿ. ಇಂಗ್ಲೆಂಡಿನ ಭೂವಿಜ್ಞಾನದ ಪಿತಾಮಹ ವಿಲಿಯಂ ಸ್ಮಿತ್ ಸೂಚಿಸಿದಂತೆ 1829ರಲ್ಲಿ ಕಟ್ಟಿದ ದುಂಡನೆಯ ಕಟ್ಟಡ. ಈ ಕರಾವಳಿಯ ಬಂಡೆಗಳಲ್ಲಿ ಸಿಕ್ಕ ಪಳೆಯುಳಿಕೆಗಳು ಅಲ್ಲಿವೆ. ಅಲ್ಲಿಂದ ಸ್ವಲ್ಪ ದೂರದ ಸ್ಪಾ ಕಟ್ಟಡದಲ್ಲಿ ಬೇಸಿಗೆಯಲ್ಲಿ ವಾದ್ಯವೃಂದ ನುಡಿಸುತ್ತದೆ. ಬ್ರಿಟನ್ನಿನ ಕಡಲೂರುಗಳಲ್ಲಿ ಉಳಿದಿರುವ ಕೊನೆಯ ವೃತ್ತಿಪರ ವಾದ್ಯವೃಂದ ಅದು. ಹಿರಿಯರೊಡನೆ ಒಂದು ಗಂಟೆ ಕೂತು ಕೇಳಿ.

ಊಟದ ವಿಷಯ: ಕೇಳಿಯೇ ಕೊಳ್ಳಿ

ಕಡಲೂರಿನ ಊಟವೆಂದರೆ ಫಿಶ್ ಅಂಡ್ ಚಿಪ್ಸ್. ಹಿಟ್ಟಿನಲ್ಲಿ ಅದ್ದಿ ಕರಿದ ಮೀನು, ದಪ್ಪಗೆ ಹೆಚ್ಚಿ ಕರಿದ ಆಲೂಗಡ್ಡೆ, ಮೇಲೆ ಉಪ್ಪು ಮತ್ತು ವಿನೆಗರ್. ಯಾರ್ಕ್‌ಷೈರಿನಲ್ಲಿ ಹ್ಯಾಡಕ್ ಮೀನು, ದಕ್ಷಿಣದಲ್ಲಿ ಹೆಚ್ಚಾಗಿ ಕಾಡ್. ಮೀನು ತಿನ್ನುವವರು ಬಂದರಿನ ಹತ್ತಿರದ, ಸ್ಥಳೀಯರು ಸಾಲುಗಟ್ಟಿ ನಿಂತಿರುವ ಅಂಗಡಿ ನೋಡಿ ಹೋಗಲಿ. ಒಂದು ದೊಡ್ಡ ತುಂಡು ಇಬ್ಬರಿಗೆ ಸಾಕು.

ಆದರೆ ಒಂದು ಮಾತು, ಸಸ್ಯಾಹಾರಿಗಳಿಗೂ ದನದ ಮಾಂಸ ತಿನ್ನದವರಿಗೂ ಬಹಳ ಮುಖ್ಯವಾದದ್ದು. ಯಾರ್ಕ್‌ಷೈರ್ ಮತ್ತು ಉತ್ತರ ಇಂಗ್ಲೆಂಡಿನ ಅನೇಕ ಅಂಗಡಿಗಳಲ್ಲಿ ಕರಿಯುವುದು ಎಣ್ಣೆಯಲ್ಲಲ್ಲ, ಬೀಫ್ ಡ್ರಿಪ್ಪಿಂಗ್‌ನಲ್ಲಿ, ಅಂದರೆ ದನದ ಕೊಬ್ಬಿನಲ್ಲಿ. ಬರಿಯ ಆಲೂಗಡ್ಡೆ ತಾನೇ ಎಂದು ಚಿಪ್ಸ್ ಮಾತ್ರ ಕೊಂಡರೂ ಅದೂ ಅದೇ ಕೊಬ್ಬಿನಲ್ಲಿ ಕರಿದದ್ದೇ. ಕೊಳ್ಳುವ ಮೊದಲು ಯಾವುದರಲ್ಲಿ ಕರಿಯುತ್ತೀರಿ ಎಂದು ಕೇಳಿ. ಅಂಗಡಿಯವರು ಬೇಸರಿಸುವುದಿಲ್ಲ, ಅನೇಕರು ಫಲಕದಲ್ಲೇ ಬರೆದಿರುತ್ತಾರೆ. ಸಸ್ಯಜನ್ಯ ಎಣ್ಣೆ ಬಳಸುವ ಅಂಗಡಿಯಲ್ಲೂ ಮೀನು ಮತ್ತು ಚಿಪ್ಸ್ ಒಂದೇ ಬಾಣಲೆಯಲ್ಲಿ ಬೇಯಬಹುದು. ಕಟ್ಟುನಿಟ್ಟಿನವರು ಅದನ್ನೂ ವಿಚಾರಿಸಿ. ನಿಮ್ಮ ಮನೆಗೆ ಬಂದ ಹಿರಿಯರ ಪರವಾಗಿ ಈ ಪ್ರಶ್ನೆಯನ್ನು ನೀವೇ ಕೇಳಬೇಕು, ಅವರಿಗೆ ಇದು ಹೊಳೆಯುವುದಿಲ್ಲ.

ಸಸ್ಯಾಹಾರಿಗಳು ಚಿತ್ರಾನ್ನ, ಪುಳಿಯೋಗರೆ, ಚಪಾತಿ ಪಲ್ಯ ಕಟ್ಟಿಕೊಂಡು ಹೋಗುವುದೇ ಸರಿ, ಅದಕ್ಕೆ ಸಂಕೋಚ ಬೇಡ. ಇಲ್ಲಿನವರೂ ತಲೆತಲಾಂತರದಿಂದ ಸ್ಯಾಂಡ್‌ವಿಚ್ ಡಬ್ಬಿ, ಚಹಾದ ಫ್ಲಾಸ್ಕ್ ಹಿಡಿದೇ ದಂಡೆಗೆ ಬಂದವರು. ಸಂಜೆ ಯಾವುದಾದರೂ ಚಹಾದಂಗಡಿಯಲ್ಲಿ ಜಾಮ್ ಮತ್ತು ಕೆನೆ ಹಚ್ಚಿದ ಸ್ಕೋನ್ ಎಂಬ ಪುಟ್ಟ ಬನ್ನು ತಿನ್ನಿ. ಕೋನ್ ಐಸ್‌ಕ್ರೀಮಿಗೆ ಚಾಕೊಲೇಟ್ ಕಡ್ಡಿ ಚುಚ್ಚಿ ಕೊಡುವುದಕ್ಕೆ 99 ಎಂದೇ ಹೆಸರು, ಹಾಗೆಯೇ ಕೇಳಿ. ಮನೆಗೆ ಒಯ್ಯಲು ರಾಕ್ ಎಂಬ ಗಟ್ಟಿ ಪೆಪ್ಪರ್‌ಮಿಂಟ್ ಕಡ್ಡಿ ಇದೆ: ಎಲ್ಲಿ ಮುರಿದರೂ ಒಳಗೆ ಊರಿನ ಹೆಸರು ಕಾಣುತ್ತದೆ. ಬಣ್ಣದ ಸಕ್ಕರೆ ಪಾಕದ ಪಟ್ಟಿಗಳಿಂದ ದೊಡ್ಡ ಅಕ್ಷರಗಳನ್ನು ಜೋಡಿಸಿ, ಬಿಸಿಯಿರುವಾಗಲೇ ಇಡೀ ಮುದ್ದೆಯನ್ನು ಉದ್ದಕ್ಕೆ ಎಳೆದು ಬೆರಳಿನ ದಪ್ಪಕ್ಕೆ ತರುತ್ತಾರೆ. ಅಕ್ಷರಗಳೂ ಜೊತೆಗೇ ಕಿರಿದಾಗಿ ಉದ್ದಕ್ಕೂ ಉಳಿಯುತ್ತವೆ.

ತಿನ್ನುವಾಗ ಗೋಡೆಗೆ ಬೆನ್ನುಕೊಟ್ಟು ಅಥವಾ ಚಾವಣಿಯ ಕೆಳಗೆ ಕುಳಿತುಕೊಳ್ಳಿ. ಇಲ್ಲಿನ ಗಲ್ ಹಕ್ಕಿಗಳು ದೊಡ್ಡವು, ಧೈರ್ಯದವು. ಹಿಂದಿನಿಂದ ಹಾರಿಬಂದು ಕೈಯಲ್ಲಿರುವುದನ್ನೇ ಕಸಿಯುತ್ತವೆ, ಮಗುವಿನ ಬೆರಳಿಗೆ ಗಾಯವೂ ಆಗಬಹುದು. ಅವಕ್ಕೆ ತಿಂಡಿ ಎಸೆಯಬೇಡಿ, ಕೆಲವು ಊರುಗಳಲ್ಲಿ ಅದಕ್ಕೆ ದಂಡವಿದೆ.

ನೀರಿಗೆ ಇಳಿಯುವ ಮುನ್ನ

ಉತ್ತರ ಸಮುದ್ರದ ನೀರು ಆಗಸ್ಟಿನಲ್ಲೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು. ದಕ್ಷಿಣ ಕರಾವಳಿಯಲ್ಲಿ ಎರಡು ಮೂರು ಡಿಗ್ರಿ ಹೆಚ್ಚು. ನಮ್ಮ ಕರಾವಳಿಯ ನೀರು ಇದಕ್ಕಿಂತ ಹತ್ತು ಡಿಗ್ರಿಗೂ ಹೆಚ್ಚು ಬೆಚ್ಚಗಿರುತ್ತದೆ. ತಟ್ಟನೆ ಧುಮುಕಿದರೆ ಉಸಿರು ಸಿಕ್ಕಿಹಾಕಿಕೊಂಡಂತಾಗಿ, ಒಳ್ಳೆಯ ಈಜುಗಾರರೂ ನೀರು ಕುಡಿಯುತ್ತಾರೆ. ಹಾಗಾದಾಗ ಈಜಲು ಹೆಣಗಬಾರದು: ತಲೆ ಹಿಂದಕ್ಕೆ ಚೆಲ್ಲಿ, ಕಿವಿ ನೀರಿನಲ್ಲಿರುವಂತೆ ಅಂಗಾತ ತೇಲಿ, ಒಂದೆರಡು ನಿಮಿಷದಲ್ಲಿ ಉಸಿರು ಹತೋಟಿಗೆ ಬರುತ್ತದೆ. ಹೃದಯದ ತೊಂದರೆ ಇರುವ ಹಿರಿಯರು ಪಾದ ನೆನೆಸಿ ತೃಪ್ತಿಪಡಲಿ.

ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಈಜಬೇಕು, ಅಲ್ಲಿ ಜೀವರಕ್ಷಕರ ಕಣ್ಣಿರುತ್ತದೆ. ಕಪ್ಪು ಬಿಳಿ ಚೌಕಗಳ ಬಾವುಟ ಹಲಗೆಯ ಮೇಲೆ ನಿಂತು ಅಲೆಯಲ್ಲಿ ಜಾರುವ ಸರ್ಫಿಂಗ್ ಆಟದವರದು, ಅಲ್ಲಿ ಈಜಬಾರದು. ಪೂರ್ತಿ ಕೆಂಪು ಬಾವುಟವಿದ್ದರೆ ನೀರಿಗೇ ಇಳಿಯಬಾರದು. ಕಿತ್ತಳೆ ಬಣ್ಣದ ಗಾಳಿಚೀಲ ಹಾರುತ್ತಿದ್ದರೆ ಗಾಳಿ ದಂಡೆಯಿಂದ ಆಚೆಗೆ ಬೀಸುತ್ತಿದೆ ಎಂದರ್ಥ, ಗಾಳಿ ತುಂಬಿದ ಆಟಿಕೆಗಳನ್ನು ನೀರಿಗೆ ಬಿಡಬೇಡಿ. ಅದರ ಮೇಲೆ ಕೂತ ಮಗು ಕ್ಷಣಾರ್ಧದಲ್ಲಿ ದೂರ ಸೇರುತ್ತದೆ. ಈ ರಕ್ಷಕರಲ್ಲಿ ಹೆಚ್ಚಿನವರು 1824ರಲ್ಲಿ ಸ್ಥಾಪನೆಯಾದ, ಹೆಚ್ಚಾಗಿ ಜನರ ದೇಣಿಗೆಯಿಂದ ನಡೆಯುವ ಆರ್‌ಎನ್‌ಎಲ್‌ಐ ಎಂಬ ಕಡಲ ಜೀವರಕ್ಷಣಾ ಸಂಸ್ಥೆಯವರು. ದಂಡೆಯಲ್ಲಿ ಅವರ ದೇಣಿಗೆ ಡಬ್ಬಿ ಕಂಡರೆ ಚಿಲ್ಲರೆ ಹಾಕಿ. ಯಾರಾದರೂ ಮುಳುಗುತ್ತಿದ್ದರೆ ಹಿಂದೆಯೇ ಹಾರಬೇಡಿ, 999ಕ್ಕೆ ಕರೆಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಹೇಳಿ.

ನೀರಿನ ಶುದ್ಧತೆಯೂ ಇಲ್ಲಿ ದೊಡ್ಡ ಪ್ರಶ್ನೆ. ಜೋರು ಮಳೆಯಾದಾಗ ಹಳೆಯ ಒಳಚರಂಡಿಗಳು ತುಂಬಿ ಕೊಳಚೆ ಸಮುದ್ರಕ್ಕೆ ಹರಿಯುತ್ತದೆ. ಮೇ 15ರಿಂದ ಸೆಪ್ಟೆಂಬರ್ ಕೊನೆಯವರೆಗೆ ಸರ್ಕಾರ ಈಜುವ ಜಾಗಗಳ ನೀರನ್ನು ಪರೀಕ್ಷಿಸಿ ದರ್ಜೆ ಕೊಡುತ್ತದೆ. ದಂಡೆಯ ಫಲಕದಲ್ಲಿ ಅದನ್ನು ಓದಿ. ದರ್ಜೆ ಕಳಪೆಯಾಗಿದ್ದರೆ, ಹಿಂದಿನ ದಿನ ಜೋರು ಮಳೆಯಾಗಿದ್ದರೆ, ಮಕ್ಕಳಿಗೆ ಮರಳೇ ಸಾಕು.

ಬ್ರೈಟನ್ನಿಗೆ ಹೋಗುವ ಭಾರತೀಯರಿಗೆ

ಲಂಡನ್ನಿನಲ್ಲಿರುವವರಿಗೆ ಮರಳಿಗಿಂತ ಬೇರೆ ಕಾರಣಕ್ಕೆ ಬ್ರೈಟನ್ನನ್ನು ಶಿಫಾರಸು ಮಾಡುತ್ತೇನೆ. ಅಲ್ಲಿನ ರಾಯಲ್ ಪೆವಿಲಿಯನ್ ಹೊರಗಿನಿಂದ ಗುಮ್ಮಟ, ಮಿನಾರುಗಳ ಭಾರತೀಯ ಅರಮನೆಯಂತೆ ಕಾಣುತ್ತದೆ. ಮುಂದೆ ನಾಲ್ಕನೇ ಜಾರ್ಜ್ ಎಂಬ ಹೆಸರಿನಲ್ಲಿ ರಾಜನಾದ ಯುವರಾಜನ ಮೋಜಿಗಾಗಿ ವಾಸ್ತುಶಿಲ್ಪಿ ಜಾನ್ ನ್ಯಾಶ್ ಅದಕ್ಕೆ ಆ ರೂಪ ಕೊಟ್ಟ. 1914ರ ಕೊನೆಯಲ್ಲಿ ಅದು ನಿಜವಾಗಿಯೂ ಭಾರತೀಯರಿಂದ ತುಂಬಿತು. ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ನಮ್ಮ ಸಿಪಾಯಿಗಳಿಗೆ ಅದನ್ನೇ ಆಸ್ಪತ್ರೆ ಮಾಡಿದರು. ಬೇರೆ ಬೇರೆ ಜಾತಿ ಮತಗಳ ಆಚಾರಕ್ಕೆ ಒಂಬತ್ತು ಅಡುಗೆಮನೆಗಳನ್ನು ತೆರೆದರು. ಅಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರನ್ನು ಊರಾಚೆಯ ಹುಲ್ಲುಗುಡ್ಡದ ಮೇಲೆ ದಹನ ಮಾಡಿದರು. ಆ ಜಾಗದಲ್ಲಿ ಛತ್ರಿ ಎಂಬ ಬಿಳಿ ಅಮೃತಶಿಲೆಯ ಮಂಟಪ 1921ರಿಂದ ನಿಂತಿದೆ. ಅಲ್ಲಿಗೆ ವಾಹನ ಹೋಗುವುದಿಲ್ಲ, ಪ್ಯಾಚಮ್ ಕಡೆಯಿಂದ ಹೊಲಗಳ ನಡುವೆ ನಡೆಯಬೇಕು. ಒಳ್ಳೆಯ ಬೂಟು ಹಾಕಿಕೊಳ್ಳಿ, ನೀರು ಒಯ್ಯಿರಿ, ಎರಡು ಗಂಟೆ ಮೀಸಲಿಡಿ. ಊರಿನೊಳಗೆ ಸೇಂಟ್ ನಿಕೊಲಸ್ ಚರ್ಚಿನ ಅಂಗಳದಲ್ಲಿ ಪಾಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮದ್‌ನ ಸಮಾಧಿಯಿದೆ. ಕಡಲ ದಂಡೆಯಲ್ಲಿ ಹಬೆಸ್ನಾನ, ಅಂಗಮರ್ದನದ ಮನೆ ನಡೆಸಿ, ಇಬ್ಬರು ರಾಜರ ಸೇವೆಗೆ ನೇಮಕಗೊಂಡಿದ್ದವನು ಆತ. ಪಿಯರ್, ಪಕ್ಕದಲ್ಲೇ ಓಡುವ 1883ರ ವೋಕ್ಸ್ ವಿದ್ಯುತ್ ರೈಲು, ಇವೆಲ್ಲ ಉಳಿದ ಹೊತ್ತಿಗೆ.

ಬೇಸಿಗೆ ತಪ್ಪಿದವರಿಗೆ

ಸೆಪ್ಟೆಂಬರ್ ಕಳೆದ ಮೇಲೆ ಅನೇಕ ಊರುಗಳಲ್ಲಿ ಕತ್ತೆ ಸವಾರಿ, ಪುಟ್ಟ ರೈಲು, ತೆರೆದ ಬಸ್ಸುಗಳು ನಿಲ್ಲುತ್ತವೆ ಅಥವಾ ವಾರಾಂತ್ಯಕ್ಕೆ ಸೀಮಿತವಾಗುತ್ತವೆ. ಬ್ಲ್ಯಾಕ್‌ಪೂಲ್ ಮಾತ್ರ ಆಗಲೇ ಕಳೆಗಟ್ಟುತ್ತದೆ. 1879ರಲ್ಲಿ ಬೀದಿಗೆ ವಿದ್ಯುತ್ ದೀಪ ಹಾಕಿದ್ದನ್ನೇ ನೋಡಲು ಜನ ನೆರೆದ ಊರು ಅದು. ಈಗ ಶರತ್ಕಾಲದ ರಾತ್ರಿಗಳಲ್ಲಿ ದಂಡೆಯ ಮೈಲುಗಳುದ್ದಕ್ಕೂ ದೀಪಾಲಂಕಾರ ಇರುತ್ತದೆ. ಮಧ್ಯಾಹ್ನ ತಲುಪಿ, 158 ಮೀಟರ್ ಎತ್ತರದ 1894ರ ಗೋಪುರ ಮತ್ತು ಅದರ ಬುಡದ ನೃತ್ಯಮಂದಿರ ನೋಡಿ, ಕತ್ತಲಾದ ಮೇಲೆ ಟ್ರಾಮಿನಲ್ಲಿ ದೀಪಗಳನ್ನು ನೋಡುತ್ತಾ ಹೋಗಿ. ಕಾರು ಒಯ್ದರೆ ಆ ರಸ್ತೆಯಲ್ಲಿ ಆಮೆಯ ವೇಗದಲ್ಲಿ ಗಂಟೆಗಟ್ಟಲೆ ತೆವಳಬೇಕಾಗುತ್ತದೆ. ಟ್ರಾಮ್ ಈಗ ಬ್ಲ್ಯಾಕ್‌ಪೂಲ್ ನಾರ್ತ್ ರೈಲು ನಿಲ್ದಾಣದವರೆಗೂ ಬರುತ್ತದೆ. ಶನಿವಾರ ರಾತ್ರಿ ಬಿಟ್ಟು ವಾರದ ನಡುವೆ ಹೋಗಿ, ಮ್ಯಾಂಚೆಸ್ಟರಿಗೆ ಮರಳುವ ಕೊನೆಯ ರೈಲಿಗಿಂತ ಒಂದು ರೈಲು ಮುಂಚೆಯೇ ಹೊರಡುವಂತೆ ಯೋಜನೆ ಹಾಕಿಕೊಳ್ಳಿ.